ನೆಗಡಿ ಮೇಡಂ ಮತ್ತು ಲಾಂಚ್ ಚಾಲಕ

"ನೆಗಡಿ ಮೇಡಂ! ನೀವೇ ಅಲ್ವಾ?"

ಇಡೀ ಗ್ರಂಥಾಲಯ ತಲೆ ಎತ್ತಿ ನೋಡಿತು. ಮೂಲೆಯಲ್ಲಿ ದಪ್ಪ ಪುಸ್ತಕದ ಮೇಲೆ ಗಲ್ಲ ಊರಿ ತೂಕಡಿಸುತ್ತಿದ್ದ ಕಾನೂನು ವಿದ್ಯಾರ್ಥಿಗೂ ಎಚ್ಚರವಾಯಿತು.

ಕೌಂಟರಿನ ಹಿಂದೆ ಯಾರಿಗೋ ಪುಸ್ತಕ ಎಲ್ಲಿದೆಯೆಂದು ಹೇಳುತ್ತಾ ನಿಂತಿದ್ದ ಅವಳ ಕೈ ಜಾರಿ, ರಬ್ಬರ್ ಸ್ಟಾಂಪು ಪುಸ್ತಕದ ಬದಲು ಅವಳ ಅಂಗೈಯ ಮೇಲೇ ಬಿತ್ತು. 'ವಾಪಸ್ ಬಂದಿದೆ' ಎಂಬ ನೇರಳೆ ಅಕ್ಷರಗಳು ಅಂಗೈಯಲ್ಲಿ ಮೂಡಿದವು.

ಎದುರಿಗೆ ಒಬ್ಬ ಎತ್ತರದ ಮನುಷ್ಯ. ಬಿಸಿಲಿಗೆ ಕಂದಿದ ಮುಖ, ಒದ್ದೆ ಬೂಟು, ಕಂಕುಳಲ್ಲಿ ಇತಿಹಾಸದ ಪುಸ್ತಕ. ಮುಖದ ತುಂಬ ಕಳೆದುಹೋದ ನೆಂಟರು ಸಿಕ್ಕಷ್ಟು ಸಂತೋಷ!

"ಯಾವ ನೆಗಡಿ?" ಅವಳು ಹಲ್ಲು ಕಚ್ಚಿ ಕೇಳಿದಳು.

"ಪಾಡ್‌ಕಾಸ್ಟ್ ಮೇಡಂ! ಮೊದಲನೇ ಕಂತಲ್ಲಿ ಪೂರ್ತಿ ಮೂಗು ಕಟ್ಕೊಂಡೇ ಮಾತಾಡಿದ್ರಲ್ಲ? 'ಗ್ರಂಥಾಲಯ' ಅನ್ನೋಕೆ ಹೋಗಿ ಎರಡು ಸಲ ಸೀನಿದ್ರಿ! ಈಗ ಹುಷಾರಾಗಿದೀರಾ?"

"ಮೆಲ್ಲಗೆ ಮಾತಾಡಿ. ಇದು ಗ್ರಂಥಾಲಯ."

"ಮೆಲ್ಲಗೇ ಮಾತಾಡ್ತಾ ಇದೀನಿ ಮೇಡಂ!"

ಕಿಟಕಿಯ ಗಾಜು ಅದುರಿತು.

ಅವನ ತಪ್ಪೂ ಅಲ್ಲ ಬಿಡಿ. ಅವನು ಅಣೆಕಟ್ಟಿನ ಹಿನ್ನೀರಿನಲ್ಲಿ ಲಾಂಚ್ ಓಡಿಸುವವನು. ಈ ದಡದಿಂದ ಆ ದಡಕ್ಕೆ ಜನ, ಸಾಮಾನು, ಸೈಕಲ್ಲು, ಟಪಾಲು ಎಲ್ಲವನ್ನೂ ದಾಟಿಸುವುದು ಅವನ ಕೆಲಸ. ಇಡೀ ದಿನ ಎಂಜಿನ್ನಿನ ಗದ್ದಲದ ಮೇಲೆ ಮಾತಾಡಿ ಮಾತಾಡಿ, ಅವನ ಪಿಸುಮಾತೆಂದರೆ ಬೇರೆಯವರ ಕೂಗು. ಜೊತೆಗೆ ದೂರಶಿಕ್ಷಣದಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದ.

ಅವಳೋ ಸಹಾಯಕ ಗ್ರಂಥಪಾಲಕಿ. ದೂರದ ವಿದ್ಯಾರ್ಥಿಗಳ ವಿಭಾಗ ಅವಳದು. ಗ್ರಂಥಾಲಯಕ್ಕೆ ಬರಲಾಗದವರ ಬಳಿಗೆ ಗ್ರಂಥಾಲಯವೇ ಹೋಗಬೇಕೆಂದು ಹಟ ಹಿಡಿದು ಪಾಡ್‌ಕಾಸ್ಟ್ ಶುರು ಮಾಡಿದ್ದಳು. ಪುಸ್ತಕ ಹುಡುಕುವುದು ಹೇಗೆ, ತರಿಸಿಕೊಳ್ಳುವುದು ಹೇಗೆ, ಪ್ರಬಂಧ ಬರೆಯುವಾಗ ಎಲ್ಲಿಂದ ತೆಗೆದುಕೊಂಡೆವೆಂದು ನಮೂದಿಸುವುದು ಹೇಗೆ... ಎಲ್ಲವನ್ನೂ ಹಳೇ ಪತ್ರಿಕೆಗಳ ಕಟ್ಟು ತುಂಬಿದ ಉಗ್ರಾಣದಲ್ಲಿ ಕೂತು ರೆಕಾರ್ಡ್ ಮಾಡುತ್ತಿದ್ದಳು. ಅಲ್ಲಿ ಸದ್ದು ಮಾರ್ದನಿಸುತ್ತಿರಲಿಲ್ಲ. ಧೂಳು ಮಾತ್ರ ಧಾರಾಳವಾಗಿತ್ತು. ನೆಗಡಿ ಬಂದದ್ದೂ ಅದರಿಂದಲೇ!

"ಒಂದು ದೂರು ಹೇಳ್ಲಾ ಮೇಡಂ?"

"ಇನ್ನೂ ಇದೆಯಾ?"

"'ಪರದೆ ಬಲಗಡೆ ಕಾಣೋ ನೀಲಿ ಬಟನ್ ಒತ್ತಿ' ಅಂದ್ರಿ. ಎಲ್ಲಿದೆ ಪರದೆ? ನಮ್ಮ ದಡದಲ್ಲಿ ನಿಮ್ಮ ವೆಬ್‌ಸೈಟ್ ತೆರೆಯೋಷ್ಟರಲ್ಲಿ ನಾನು ಲಾಂಚ್ ತಗೊಂಡು ಹೋಗಿ ಬಂದಿರ್ತೀನಿ. ಈ ದಡದಲ್ಲಿ ನಿಮ್ಮ ದನಿ ಡೌನ್‌ಲೋಡ್ ಮಾಡ್ಕೊಂಡು ದಾರಿ ಉದ್ದಕ್ಕೂ ಕೇಳ್ತೀನಿ. ಬರೀ ಕಿವಿ ಇರೋನಿಗೆ ನೀಲಿ ಬಟನ್ ಅಂದ್ರೆ... ನೀರಲ್ಲಿ ಹುಡುಕ್ಲಾ?"

ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿ ಬಿಸಿಯಾಯಿತು.

"ಮತ್ತೆ ಹೇಗೆ ಹೇಳ್ಬೇಕಂತೆ?"

"ಪಕ್ಕದಲ್ಲಿ ಕೂತಿರೋ ಒಬ್ಬರಿಗೆ ಹೇಳೋ ಹಾಗೆ ಹೇಳಿ ಮೇಡಂ. ನೀವು ಸಭೇಲಿ ಭಾಷಣ ಮಾಡೋ ಹಾಗೆ ಮಾತಾಡ್ತೀರಿ."

ಪುಸ್ತಕ ಕೊಟ್ಟು, ದೊಡ್ಡದಾಗಿ ನಕ್ಕು, ಒದ್ದೆ ಹೆಜ್ಜೆಗಳನ್ನು ನೆಲದ ಮೇಲೆ ಬಿಟ್ಟು ಹೊರಟೇಹೋದ.

'ಅಹಂಕಾರಿ! ಇವನಿಗೋಸ್ಕರ ನಾನು ಧೂಳು ಕುಡೀಬೇಕಾ?' ಎಂದು ಅವಳು ಸಂಜೆಯವರೆಗೂ ಕುದಿದಳು. ಕುದಿತ ಇಳಿದ ಮೇಲೆ ಉಳಿದದ್ದು ಒಂದೇ... ಅವನು ಹೇಳಿದ್ದು ನಿಜವಾಗಿತ್ತು.

* * *

ಮುಂದಿನ ಕಂತು ರೆಕಾರ್ಡ್ ಮಾಡುವಾಗ ಅವಳು ಎದುರಿಗೊಂದು ಖಾಲಿ ಸ್ಟೂಲ್ ಇಟ್ಟುಕೊಂಡಳು. ಯಾರೋ ಒಬ್ಬರು ಕೂತಿದ್ದಾರೆಂದು ಊಹಿಸಿಕೊಂಡಳು. ಊಹೆಯಲ್ಲಿ ಕೂತವರ ಬೂಟು ಒದ್ದೆಯಾಗಿತ್ತು! ಓಡಿಸಿದರೂ ಹೋಗಲಿಲ್ಲ. ಇರಲಿ ಅಂತ ಬಿಟ್ಟಳು.

"ಪುಸ್ತಕದ ಹೆಸರು ಗೊತ್ತಿಲ್ವಾ? ಪರವಾಗಿಲ್ಲ. ಯಾವುದರ ಬಗ್ಗೆ ಬೇಕು ಅಂತ ಫೋನಲ್ಲೋ ವಾಯ್ಸ್ ಮೆಸೇಜಲ್ಲೋ ಹೇಳಿ. ಹುಡುಕೋ ಕೆಲಸ ನಮಗಿರಲಿ. ಓದೋ ಕೆಲಸ ನಿಮಗೆ."

ಮಾರನೆಯ ದಿನವೇ ಮೆಸೇಜ್ ಬಂತು. ಮೊದಲು ಎಂಜಿನ್ನಿನ ಸದ್ದು, ಅದರ ಮೇಲೆ ಆ ಕೂಗು.

"ಮೇಡಂ! ಇವತ್ತು ನೀವು ಪಕ್ಕದಲ್ಲೇ ಕೂತ ಹಾಗಿತ್ತು! ನನ್ನ ಪ್ರಬಂಧಕ್ಕೆ ಪ್ರಪಂಚದ ದೋಣಿಗಳ ಇತಿಹಾಸ ಅಂತ ವಿಷಯ ಇಟ್ಕೊಂಡಿದೀನಿ. ಪುಸ್ತಕ ಇದೆಯಾ?"

ಅವಳು ಮುಂದಿನ ಕಂತಿನಲ್ಲಿ ಆ ಪ್ರಶ್ನೆಯನ್ನೇ ಹಾಕಿ ಉತ್ತರಿಸಿದಳು. "ಪ್ರಪಂಚ ದೊಡ್ಡದು, ನಿಮಗಿರೋದು ಒಂದು ಪ್ರಬಂಧ. ಪ್ರಪಂಚ ಬಿಡಿ. ಅಣೆಕಟ್ಟು ಕಟ್ಟೋಕೆ ಮುಂಚೆ ನಿಮ್ಮ ಊರಿನ ಜನ ಹೊಳೆ ಹೇಗೆ ದಾಟ್ತಿದ್ರು? ಅಷ್ಟು ಹುಡುಕಿ. ಅದರ ಬಗ್ಗೆ ಹಳೇ ಗೆಜೆಟಿಯರಲ್ಲಿ ಒಂದು ಅಧ್ಯಾಯ ಇದೆ. ಸ್ಕ್ಯಾನ್ ಮಾಡಿ ಕಳಿಸ್ತೀವಿ."

ಹೀಗೆ ಶುರುವಾಯಿತು ನೋಡಿ...

ಅವನು ಕೇಳುವುದು, ಅವಳು ಹೇಳುವುದು. ಅವನು ಹುಡುಕಿದ್ದನ್ನು ಕೂಗಿ ಹೇಳುವುದು, ಅವಳು ನಗುವುದು. ರಸ್ತೆಯಲ್ಲಿ ಲಾರಿಯೊಂದು ಗುಡುಗಿದರೂ ಸಾಕು, ಅವಳ ಕೈ ತಾನಾಗಿಯೇ ಫೋನಿನತ್ತ ಹೋಗುತ್ತಿತ್ತು.

ಕಂತುಗಳನ್ನು ಕತ್ತರಿಸಿ ಜೋಡಿಸಿ ಕೊಡುತ್ತಿದ್ದವರು ಕಂಪ್ಯೂಟರ್ ವಿಭಾಗದ ಅಕ್ಕ. ಅಕ್ಕನ ಕಿವಿ ಬಲು ಚುರುಕು.

"ಈ ಮನುಷ್ಯನ ಮೆಸೇಜಲ್ಲಿ ಎಂಜಿನ್ ಸದ್ದು ಜಾಸ್ತಿ. ತೆಗೆದುಬಿಡ್ಲೇನೇ?"

"ಬೇಡ ಅಕ್ಕ... ಇರ್ಲಿ ಬಿಡಿ."

"ಯಾಕೆ? ಸಂಗೀತದ ಹಾಗೆ ಕೇಳ್ಸುತ್ತಾ?"

"ಅಕ್ಕಾ!"

ಊರಿನಿಂದ ಫೋನ್ ಮಾಡಿದ ಅಮ್ಮನಿಗೂ ಏನೋ ವಾಸನೆ ಬಡಿದಿತ್ತು. "ಏನೇ, ಇತ್ತೀಚೆಗೆ ಫೋನಲ್ಲಿ ನಗ್ತಾ ಮಾತಾಡ್ತೀಯ? ಮೊದಲು ನಾನು ಫೋನ್ ಮಾಡಿದ್ರೆ ಕಡಿಯೋಕೆ ಬರ್ತಿದ್ದೆ!"

"ಕೆಲಸ ಚೆನ್ನಾಗಿ ನಡೀತಿದೆ ಅಮ್ಮ, ಅಷ್ಟೆ."

"ಕೆಲಸ ಎಷ್ಟು ಎತ್ತರ ಇದಾನೆ?"

ಅವಳು ಫೋನ್ ಇಟ್ಟುಬಿಟ್ಟಳು. ಕೆನ್ನೆ ಮಾತ್ರ ಬಹಳ ಹೊತ್ತು ಕೆಂಪಾಗೇ ಇತ್ತು.

* * *

ಆಮೇಲೆ ಆ ಮೆಸೇಜ್ ಬಂತು.

"ಮೇಡಂ! ಪ್ರಬಂಧದ ಮೊದಲ ಭಾಗ ಮುಗೀತು! ಹಳೇ ಹರಿಗೋಲಿನ ಬಗ್ಗೆ..."

ನಡುವೆ ಒಂದು ಹೆಣ್ಣು ದನಿ, ಎಳೆಯ ದನಿ, ಬಹಳ ಸಲುಗೆಯದು.

"ರೀ! ಮಗೂನ ಸ್ವಲ್ಪ ಹಿಡ್ಕೊಳ್ರೀ! ನಿಮ್ಮ ಹತ್ರ ಇದ್ರೇನೇ ಅದು ಸುಮ್ನಿರೋದು!"

"ಬಾರೋ ನನ್ನ ರಾಜ! ಬಾ ಬಂಗಾರ!" ಅವನ ದನಿ. "ಮೇಡಂ, ಆಮೇಲೆ ಮಾತಾಡ್ತೀನಿ!"

ಅಷ್ಟೆ.

ಅವಳು ಅದನ್ನು ಮತ್ತೆ ಕೇಳಿದಳು. ಮತ್ತೂ ಕೇಳಿದಳು. 'ರೀ'... 'ಮಗು'... 'ನನ್ನ ರಾಜ'...

ಸ್ಟೂಲಿನ ಮೇಲೆ ಇಷ್ಟು ದಿನ ಕೂತಿದ್ದವನು ಎದ್ದು, ಹೆಂಡತಿಯ ಕೈ ಹಿಡಿದು ನಡೆದುಹೋದ ಹಾಗಾಯಿತು.

'ಛೆ! ಅವನು ನನಗೆ ಏನಂತ ಮಾತು ಕೊಟ್ಟಿದ್ದ? ಪುಸ್ತಕ ಕೇಳಿದ, ಕೊಟ್ಟೆ. ಕನಸು ಕಂಡವಳು ನಾನು...' ಕಣ್ಣು ತುಂಬಿ ಬಂತು. 'ಆದ್ರೂ ಒಂದು ಮಾತು ಹೇಳ್ಬಾರ್ದಿತ್ತಾ? ಹೆಂಡತಿ ಇದಾಳೆ ಅಂತ? ಹರಿಗೋಲಿನ ವಿಷಯ ಅಷ್ಟು ಹೇಳೋನಿಗೆ!'

ಆ ವಾರದ ಕಂತು 'ಗ್ರಂಥಾಲಯದ ನಿಯಮಗಳು'. ಅವಳ ದನಿ ಐಸಿನ ಗಡ್ಡೆಯಾಗಿತ್ತು.

"ಈಗಾಗಲೇ ಒಬ್ಬರ ಹೆಸರಿಗೆ ಹೋಗಿರುವ ಪುಸ್ತಕದ ಮೇಲೆ ಇನ್ನೊಬ್ಬರು ಆಸೆ ಇಟ್ಟುಕೊಳ್ಳಬಾರದು. ತಮ್ಮ ಬಳಿ ಒಂದು ಪುಸ್ತಕ ಇರುವಾಗ, ಇಲ್ಲದವರಂತೆ ನಗುನಗುತ್ತಾ ಬಂದು ಇನ್ನೊಂದನ್ನು ಕೇಳಬಾರದು. ಇದ್ದದ್ದನ್ನು ಮೊದಲೇ ಹೇಳುವುದು ಸದಸ್ಯರ ಕರ್ತವ್ಯ. ಗ್ರಂಥಾಲಯಕ್ಕೂ ಮನಸ್ಸಿದೆ ಎಂಬುದನ್ನು ಮರೆಯಬಾರದು!"

ಕಂಪ್ಯೂಟರ್ ಅಕ್ಕ ಹೆಡ್‌ಫೋನ್ ಕಳಚಿ ಅವಳ ಮುಖ ನೋಡಿದರು.

"ಇದು ಯಾವ ನಿಯಮಾನೇ? ನಾನಿಲ್ಲಿ ಇಷ್ಟು ವರ್ಷದಿಂದ ಇದೀನಿ, ಕೇಳಿಲ್ಲ."

"ಹೊಸದು ಅಕ್ಕ." ಅವಳು ಸೆರಗಲ್ಲಿ ಮೂಗು ಒರೆಸಿಕೊಂಡಳು. "ಧೂಳು... ನೆಗಡಿ."

ಅವನಿಂದ ಮೆಸೇಜ್ ಬಂತು. "ಮೇಡಂ, ಏನಾದ್ರೂ ತಪ್ಪಾಯ್ತಾ?" ದನಿ ಎಂದಿನಂತೆ ದೊಡ್ಡದಾಗಿರಲಿಲ್ಲ. ಅವಳು ಉತ್ತರಿಸಲಿಲ್ಲ. ಮತ್ತೊಂದು ಬಂತು. ಅದಕ್ಕೂ ಇಲ್ಲ.

ಆಗಲೇ ಮುಖ್ಯ ಗ್ರಂಥಪಾಲಕರು ಕರೆಸಿದರು.

"ನೋಡಮ್ಮ, ನಿನ್ನ ಕಾರ್ಯಕ್ರಮ ಚೆನ್ನಾಗೇ ಇದೆ. ಆದ್ರೆ ಹಿನ್ನೀರಿನ ಆಚೆ ಕಡೆಯವರಲ್ಲಿ ಡೌನ್‌ಲೋಡ್ ಮಾಡೋದು ಒಂದೇ ಒಂದು ಫೋನು. ಒಬ್ಬ ಮನುಷ್ಯನಿಗೋಸ್ಕರ ಇಷ್ಟೆಲ್ಲ ಒದ್ದಾಟ ಯಾಕೆ?"

 ಒಬ್ಬ ಮನುಷ್ಯನಿಗೋಸ್ಕರ! ಅವರು ಕೇಳಿದ ಅರ್ಥವೇ ಬೇರೆ, ಅವಳಿಗೆ ತಾಕಿದ ಜಾಗವೇ ಬೇರೆ.

"ಅಲ್ಲಿ ನಮ್ಮ ವಿದ್ಯಾರ್ಥಿಗಳು ಇನ್ನೂ ಇದಾರೆ ಸರ್. ಆಸ್ಪತ್ರೆ ನರ್ಸುಗಳು, ಶಾಲೆ ಮೇಷ್ಟ್ರು..."

"ಹಾಗಾದ್ರೆ ನೀನೇ ಹೋಗಿ ಕೇಳ್ಕೊಂಡು ಬಾ. ಕೇಳೋರಿದ್ರೆ ಮುಂದುವರಿಸೋಣ. ಇಲ್ದಿದ್ರೆ ನಿಲ್ಲಿಸಿಬಿಡೋಣ. ಏನಂತೀಯ?"

ಏನನ್ನುವುದು? ಆಚೆ ದಡಕ್ಕೆ ಹೋಗಲು ಇರುವುದು ಒಂದೇ ಲಾಂಚು. ಓಡಿಸುವವನೂ ಒಬ್ಬನೇ!

* * *

ಅವಳು ತಲೆಗೆ ಸ್ಕಾರ್ಫ್ ಸುತ್ತಿ, ಕಪ್ಪು ಕನ್ನಡಕ ಹಾಕಿ ಲಾಂಚ್ ಹತ್ತಿದಳು. ಮುಂದಿನ ಕ್ಯಾಬಿನ್ನಿನಲ್ಲಿ ಅವನ ಬೆನ್ನು ಕಾಣಿಸಿತು. ನೋಡಬಾರದೆಂದುಕೊಂಡೇ ನೋಡಿದಳು.

'ಬಾಯಿ ಬಿಡದಿದ್ರೆ ಆಯ್ತು. ಹೋಗ್ತೀನಿ, ಕೇಳ್ತೀನಿ, ಬರ್ತೀನಿ.'

ಪಕ್ಕದಲ್ಲಿ ಮೊಟ್ಟೆ ಬುಟ್ಟಿ ಇಟ್ಟುಕೊಂಡ ಅಜ್ಜಿಯೊಬ್ಬರು ಬಂದು ಕೂತರು.

"ಯಾವೂರಮ್ಮ ನಿಂದು?"

ಅವಳು ಸುಮ್ಮನೆ ತಲೆಯಾಡಿಸಿದಳು.

"ಯಾರ ಮನೆಗೆ ಹೊರಟಿದೀಯ?"

ಮತ್ತೆ ತಲೆಯಾಡಿಸಿದಳು.

ಅಜ್ಜಿಯ ಮನಸ್ಸು ಕರಗಿಹೋಯಿತು. "ಅಯ್ಯೋ ಪಾಪ... ಮಾತು ಬರಲ್ವಾ ಮಗಳೇ?"

ಬೇರೆ ದಾರಿ ಕಾಣದೆ ಅವಳು ಹೌದೆಂದು ಗೋಣು ಹಾಕಿದಳು.

"ಚಿಂತೆ ಮಾಡ್ಬೇಡ. ಮಾತು ಬರೋರೇನು ಉದ್ಧಾರ ಆಗಿಲ್ಲ." ಅಜ್ಜಿ ಅವಳ ಬೆನ್ನು ಸವರಿ, ಅವಳ ಪಾಲಿನ ಮಾತನ್ನೂ ತಾವೇ ಆಡಲು ತಯಾರಾಗಿ ಕೂತರು.

ಲಾಂಚು ಹೊರಟಿತು. ಚಾವಣಿಯ ಸ್ಪೀಕರು ಗರಗರ ಎಂದಿತು. ಮರುಕ್ಷಣ...

"ಈಗಾಗಲೇ ಒಬ್ಬರ ಹೆಸರಿಗೆ ಹೋಗಿರುವ ಪುಸ್ತಕದ ಮೇಲೆ..."

ಅವಳಿಗೆ ಹಿನ್ನೀರಿಗೆ ಹಾರಿಬಿಡೋಣ ಎನ್ನಿಸಿತು. ಅವಳದೇ ದನಿ! ಇಡೀ ಲಾಂಚು ಕೇಳುತ್ತಿದೆ! ಹುಲ್ಲಿನ ಹೊರೆಯವನು, ನರ್ಸು, ಸೈಕಲ್ ಹಿಡಿದು ನಿಂತ ಮೇಷ್ಟ್ರು, ಎಲ್ಲರೂ ಕತ್ತು ಓರೆ ಮಾಡಿ ಕೇಳುತ್ತಿದ್ದಾರೆ! ಒಂದೇ ಫೋನು ಅಂದಿದ್ದರಲ್ಲ ಮುಖ್ಯಸ್ಥರು... ಆ ಒಂದು ಫೋನಿನ ಹಿಂದೆ ಇಷ್ಟೊಂದು ಕಿವಿಗಳು!

"ಮತ್ತೆ ಇದೇ ಹಾಕಿದಾನೆ," ನರ್ಸು ನಿಟ್ಟುಸಿರು ಬಿಟ್ಟಳು. "ಮೇಡಂಗೆ ಯಾಕೆ ಸಿಟ್ಟು ಅಂತ ಕೇಳಿ ಕೇಳಿ ಹುಡುಕ್ತಿದಾನೆ."

"ಈ ನಿಯಮ ಗ್ರಂಥಾಲಯದ್ದಲ್ಲ," ಮೇಷ್ಟ್ರು ಗಂಭೀರವಾಗಿ ಹೇಳಿದರು. "ಇದು ಸ್ವಂತದ್ದು."

ಅಜ್ಜಿ ಅವಳ ಕಿವಿಯ ಬಳಿ ಬಗ್ಗಿದರು. "ಈ ಸ್ಪೀಕರಲ್ಲಿ ಮಾತಾಡ್ತಿರೋಳು ನಮ್ಮ ನೆಗಡಿ ಮೇಡಂ. ಒಳ್ಳೆ ಹುಡುಗಿ. ನಮ್ಮ ಚಾಲಕನಿಗೆ ಇವಳಂದ್ರೆ ಪ್ರಾಣ! ಮದುವೆ ಮಾಡ್ಕೊಳ್ಳೋ ಅಂದ್ರೆ, 'ಅವರು ಓದಿರೋರು ಅಜ್ಜಿ, ನನ್ನ ಕೂಗು ಕೇಳಿದ್ರೆ ಕಿವಿ ಮುಚ್ಕೋತಾರೆ' ಅಂತಾನೆ. ಈಗ ಅವಳು ಮಾತು ಬಿಟ್ಟ ಮೇಲೆ ಸರಿಯಾಗಿ ಊಟಾನೂ ಮಾಡ್ತಿಲ್ಲ, ಪೆದ್ದ."

ಅವಳಿಗೆ ಮೈಯೆಲ್ಲ ಉರಿಯಿತು. 'ಪ್ರಾಣವಂತೆ! ಮದುವೆಯಂತೆ! ಮನೆಯಲ್ಲಿ ಹೆಂಡತಿ, ಮಗು ಇಟ್ಕೊಂಡು!'

ಅಷ್ಟರಲ್ಲಿ ಒಂದು ಮಗು ಕಿಟಾರನೆ ಕಿರುಚಿತು. ಒಬ್ಬಳು ಯುವತಿ ಅದನ್ನೆತ್ತಿಕೊಂಡು ಕ್ಯಾಬಿನ್ನಿಗೆ ಓಡಿದಳು.

"ರೀ! ಮಗೂನ ಸ್ವಲ್ಪ ಹಿಡ್ಕೊಳ್ರೀ!"

ಅದೇ ದನಿ!

ಅವಳು ಉಸಿರು ಬಿಗಿಹಿಡಿದು ನೋಡಿದಳು. ಆ ಯುವತಿ ಮಗುವನ್ನು ಅವನ ಕೈಗೆ ದಾಟಿಸಿ ವಾಪಸ್ ಬಂದು, ಹೊಲಿಗೆ ಯಂತ್ರ ತಬ್ಬಿಕೊಂಡು ಕೂತಿದ್ದ ಬೇರೊಬ್ಬನ ಪಕ್ಕ ಕೂತು ಅವನ ಭುಜಕ್ಕೆ ಒರಗಿದಳು.

"ಅವಳ ಗಂಡ ಟೈಲರ್," ಅಜ್ಜಿ ವಿವರಿಸಿದರು. "ಅಳೋ ಮಕ್ಕಳಿಗೆಲ್ಲ ನಮ್ಮ ಚಾಲಕನ ಕ್ಯಾಬಿನ್ನೇ ಗತಿ. ಲೈಫ್ ಜಾಕೆಟ್ ಹಾಸಿ ಮಲಗಿಸ್ತಾನೆ. ಎಂಜಿನ್ ಗುರ್ ಅಂದ್ರೆ ಮಕ್ಕಳು ಗೊರ್ ಅಂತವೆ. ಅವನಿಗೋ ಹೆಂಡತಿಯಿಲ್ಲ, ಮಕ್ಕಳಿಲ್ಲ, ಊರ ಮಕ್ಕಳೆಲ್ಲ ಅವನವೇ."

ಈ 'ರೀ' ಎಂಬ ಒಂದಕ್ಷರ ಮಾಡಿದ ಅನಾಹುತ ನೋಡಿ! ಗಂಡನನ್ನು ಕರೆದರೂ ರೀ, ಬಸ್ಸಿನಲ್ಲಿ ಕಾಲು ತುಳಿದವನನ್ನು ಬೈದರೂ ರೀ!

"ಅಯ್ಯೋ! ನಾನೆಂಥ ದಡ್ಡಿ!"

ಅವಳು ಹಣೆ ಚಚ್ಚಿಕೊಂಡು ಗಟ್ಟಿಯಾಗಿಯೇ ಹೇಳಿಬಿಟ್ಟಿದ್ದಳು.

ಅಜ್ಜಿ ಮೊಟ್ಟೆ ಬುಟ್ಟಿ ಸಮೇತ ಎದ್ದು ನಿಂತರು. "ಮಾತು ಬಂತು! ಈ ಹುಡುಗಿಗೆ ಮಾತು ಬಂತು!"

"ಒಂದು ನಿಮಿಷ..." ನರ್ಸು ಕಣ್ಣರಳಿಸಿದಳು. ಒಮ್ಮೆ ಸ್ಪೀಕರಿನತ್ತ ನೋಡಿದಳು, ಒಮ್ಮೆ ಅವಳತ್ತ. "ಈ ದನಿ...!"

"ನೆಗಡಿ ಮೇಡಂ!" ಮೇಷ್ಟ್ರ ಸೈಕಲ್ಲು ಕೈತಪ್ಪಿ ಬಿತ್ತು.

ಕ್ಯಾಬಿನ್ನಿನಲ್ಲಿ ಆ ಬೆನ್ನು ಗರಕ್ಕನೆ ತಿರುಗಿತು. ಅವನ ಕಣ್ಣು, ಅವಳ ಕಪ್ಪು ಕನ್ನಡಕ ಮುಖಾಮುಖಿಯಾದವು. ಅಜ್ಜಿ ಅವಳನ್ನು ಮೃದುವಾಗಿ, ಆದರೆ ತಪ್ಪಿಸಿಕೊಳ್ಳಲಾಗದ ಹಾಗೆ ಕ್ಯಾಬಿನ್ನಿನೊಳಕ್ಕೆ ನೂಕಿದರು.

* * *

ಮಗು ಲೈಫ್ ಜಾಕೆಟ್‌ಗಳ ಮೇಲೆ ಆಗಲೇ ನಿದ್ದೆ ಹೋಗಿತ್ತು.

"ನೀವು... ಇಲ್ಲಿ..." ಅವನ ಬಾಯಿ ತಡವರಿಸಿತು.

"ಮುಂದೆ ನೋಡಿ ಓಡ್ಸಿ!"

ಅವನು ವಿಧೇಯನಾಗಿ ಮುಂದೆ ತಿರುಗಿದ. ಒಳ್ಳೆಯದೇ ಆಯಿತು. ಅವನ ಬೆನ್ನಿಗಾದರೆ ಹೇಳುವುದು ಸುಲಭ.

"ನಿಮಗೆ ಮದುವೆ ಆಗಿದೆ ಅಂದ್ಕೊಂಡಿದ್ದೆ," ಅವಳು ಒಂದೇ ಉಸಿರಿಗೆ ಹೇಳಿದಳು. "ಆ ಮೆಸೇಜಲ್ಲಿ ಯಾರೋ 'ರೀ, ಮಗೂನ ಹಿಡ್ಕೊಳ್ಳಿ' ಅಂದ್ರು. ನೀವು 'ನನ್ನ ರಾಜ' ಅಂದ್ರಿ. ಅದಕ್ಕೇ ಆ ನಿಯಮಗಳು... ನಾನೇ ಹುಟ್ಟಿಸಿದ್ದು. ಕ್ಷಮಿಸಿ."

 ಅವನ ಕೈಯಲ್ಲಿದ್ದ ಚಕ್ರ ಅವನಿಗರಿವಿಲ್ಲದೆ ಒಂದು ಕಡೆಗೆ ವಾಲಿತು.

"ಅಂದ್ರೆ... ನನಗೆ ಮದುವೆ ಆಗಿದ್ರೆ ನಿಮಗೆ ಬೇಜಾರು?"

"ಆಗ್ದೇ ಇರುತ್ತಾ?" ಅವಳ ದನಿ ಒಡೆಯಿತು. "ಎದುರಿಗೆ ಸ್ಟೂಲ್ ಇಟ್ಕೊಂಡು ಇಷ್ಟು ದಿನ ನಿಮ್ಮೊಬ್ಬರ ಜೊತೇನೇ ಮಾತಾಡಿದೀನಿ! ದೂರದ ವಿದ್ಯಾರ್ಥಿಗಳಿಗೆ ಅಂತ ಹೆಸರು. ಕೇಳ್ಲಿ ಅಂತ ಕಾಯ್ತಿದ್ದದ್ದು ನೀವೊಬ್ರೇ..."

ಅವನು ತಿರುಗಿಬಿಟ್ಟ.

"ಮುಂದೆ ನೋಡಿ ಅಂದೆ!"

"ಆಗ್ತಿಲ್ಲ ಮೇಡಂ," ಅವನು ಕೂಗಿದ. "ನನಗೆ ನೀವು ಬೇಕು! ಮೊದಲನೇ ಕಂತಲ್ಲಿ ಮೂಗು ಕಟ್ಟಿದ್ರೂ, ಯಾರಿಗೋ ಒಂದು ಪುಸ್ತಕ ಸಿಗ್ಲಿ ಅಂತ ಅಷ್ಟು ಒದ್ದಾಡಿದ್ರಲ್ಲ, ಅವತ್ತೇ ಅಂದ್ಕೊಂಡೆ, ಇವರು ಇಂಥವರು ಅಂತ! ನನಗೆ ಮಾತಾಡೋಕೆ ಗೊತ್ತಿರೋದು ಇದೊಂದೇ ದನಿ. ಇದನ್ನ ಜೀವನಪೂರ್ತಿ ಕೇಳೋಕೆ ಆಗುತ್ತಾ ನಿಮಗೆ?"

ಅವಳು ಕನ್ನಡಕ ತೆಗೆದಳು. ಕಣ್ಣುಗಳು ಒದ್ದೆಯಾಗಿದ್ದವು, ತುಟಿಯಲ್ಲಿ ನಗುವಿತ್ತು.

"ಮೆಸೇಜ್ ಬರದೇ ಇದ್ದ ದಿನ ಗ್ರಂಥಾಲಯ ಎಷ್ಟು ನಿಶ್ಶಬ್ದ ಇರುತ್ತೆ ಗೊತ್ತಾ? ನನ್ನಿಂದ ಇರೋಕಾಗಲ್ಲ ಅಲ್ಲಿ... ಕೇಳ್ತೀನಿ. ಜೀವನಪೂರ್ತಿ ಕೇಳ್ತೀನಿ."

ಹೊರಗಿನಿಂದ ಮೇಷ್ಟ್ರು ಕೆಮ್ಮಿದರು.

"ಚಾಲಕರೇ, ತೊಂದ್ರೆ ಕೊಡ್ತಿರೋದಕ್ಕೆ ಕ್ಷಮಿಸಿ. ದಾರಿ ಗುರುತಿಗೆ ತೇಲಿಬಿಟ್ಟಿರೋ ಆ ಕೆಂಪು ಪೀಪಾಯಿ ಎಡಗಡೆ ಬರ್ತಿರೋದು ಇದು ಮೂರನೇ ಸಲ."

ಲಾಂಚು ಅಷ್ಟು ಹೊತ್ತಿನಿಂದ ನಡುನೀರಿನಲ್ಲಿ ಸುತ್ತು ಹೊಡೆಯುತ್ತಿತ್ತು!

"ಹೊಡೀಲಿ ಬಿಡ್ರಿ," ಅಜ್ಜಿ ಗದರಿದರು. "ನನ್ನ ಮೊಟ್ಟೆಗಿಲ್ದಿರೋ ಅರ್ಜೆಂಟು ನಿಮಗ್ಯಾಕೆ?"

* * *

ಆಚೆ ದಡದಲ್ಲಿ ಅವಳು ಬಂದ ಕೆಲಸ ಮುಗಿಸಿದಳು. ಆಸ್ಪತ್ರೆಯ ಜಗಲಿಯಲ್ಲಿ ನರ್ಸುಗಳು, ಮೇಷ್ಟ್ರು, ಓದು ನಿಲ್ಲಿಸಿ ಮತ್ತೆ ಶುರು ಮಾಡಿದ ಇಬ್ಬರು ಅಮ್ಮಂದಿರು ಸುತ್ತ ಕೂತು, ಯಾವ ಕಂತಿನಿಂದ ಯಾವ ಪುಸ್ತಕ ತರಿಸಿಕೊಂಡೆವೆಂದು ಹೇಳಿದರು. ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಳು. ಅದನ್ನು ಕೇಳಿದ ಮೇಲೆ ಮುಖ್ಯಸ್ಥರಿಗೆ ಬೇರೆ ಲೆಕ್ಕ ಬೇಕಾಗಲಿಲ್ಲ. ಕಾರ್ಯಕ್ರಮ ಉಳಿಯಿತು.

ಸಂಜೆ ವಾಪಸ್ ಬರುವಾಗ ಲಾಂಚಿನಲ್ಲಿ ಜನ ಕಡಿಮೆ. ಅವಳು ಕ್ಯಾಬಿನ್ನಿನಲ್ಲೇ ಕೂತಳು.

"ಮೇಡಂ..."

"ಇನ್ನೂ ಮೇಡಂ?"

"ಮತ್ತೆ ಏನಂತ ಕರೀಲಿ?"

"ನೀನು ಅನ್ನಿ."

"ನೀ... ನೀ..." ಲಾಂಚನ್ನು ಎಂಥ ಗಾಳಿಯಲ್ಲೂ ದಡ ಸೇರಿಸುವವನು ಒಂದು ಪದಕ್ಕೆ ಬೆವರಿದ. "ನೀವು! ಆಗ್ತಿಲ್ಲ ಮೇಡಂ."

ಅವಳು ಹೊಟ್ಟೆ ಹಿಡಿದು ನಕ್ಕಳು.

ದಡ ಬಂತು. ಉಳಿದವರೆಲ್ಲ ಇಳಿದು ಹೋದರು. ಅವನು ಮೊದಲು ದಡಕ್ಕೆ ಚಾಚಿದ ಹಲಗೆಯ ಆಚೆ ಹಾರಿ, ತಿರುಗಿ ಅವಳತ್ತ ಕೈ ಚಾಚಿದ. ಇಳಿಬಿಸಿಲು ಅವನ ಮುಖದ ಮೇಲೆ ಬಿದ್ದಿತ್ತು. ಎಂಜಿನ್ ನಿಂತಿತ್ತು. ಅಷ್ಟು ನಿಶ್ಶಬ್ದದಲ್ಲಿ, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಅವನು ಹೇಳಿದ.

"ಹಲಗೆ ಜಾರುತ್ತೆ... ನೀನು ನನ್ನ ಕೈ ಹಿಡ್ಕೋ."

ಅವಳು ಕೈ ಹಿಡಿದು ಇಳಿದಳು. ಇಳಿದ ಮೇಲೂ ಬಿಡಲಿಲ್ಲ.

"ಹಿಡ್ಕೊಂಡೆ."

"ಬಿಡಲ್ಲ ತಾನೇ?"

"ಯಾವತ್ತೂ ಬಿಡಲ್ಲ." ಅವಳು ಹಿಂದೆ ತಿರುಗಿ ನೋಡಿ ಕಣ್ಣರಳಿಸಿದಳು. "ಆದ್ರೆ ಈಗ ಒಂದು ಕ್ಷಣ ಬಿಡ್ತೀನಿ ಕಣೋ... ನೀನು ಹಗ್ಗ ಕಟ್ಟಿಲ್ಲ. ಲಾಂಚ್ ಹೋಗ್ತಾ ಇದೆ!"